ಮಡಚಿದರೆ ಊಟ ಮುಗಿಯಿತು

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಭಾನುವಾರ ಬೆಳಿಗ್ಗೆ ಚರ್ಚಿನ ಗಂಟೆ ಮೊಳಗುತ್ತಿದ್ದಾಗ ಅಂಚೆಯ ಆಂಥೆಲ್ಮ್ ಪ್ಯಾಂಟಿನ ಜೇಬಿಗೆ ಕೈ ಹಾಕಿದ. ಅಲ್ಲಿ ಚಾಕು ಇರಲಿಲ್ಲ. ತೂತಿತ್ತು.

ಬೇರೆ ಕಡೆ ಇದು ಸುದ್ದಿಯೇ ಅಲ್ಲ. ಸವೋಯಿ ಸೀಮೆಯ ಈ ಬೆಟ್ಟದೂರಿನಲ್ಲಿ ಮಾತ್ರ ಗಂಡಸು ಪ್ಯಾಂಟಿಲ್ಲದೆ ಹೊರಬಂದರೆ ಜನ ನಕ್ಕು ಬಿಡುತ್ತಾರೆ, ಚಾಕುವಿಲ್ಲದೆ ಬಂದರೆ ಕನಿಕರ ಪಡುತ್ತಾರೆ. ಅದರಲ್ಲೂ ಅವತ್ತು ಆಂಥೆಲ್ಮ್‌ಗೆ ಮುದುಕ ಗಾಸ್ಪಾರನ ಮನೆಯಲ್ಲಿ ಊಟ. ಗಾಸ್ಪಾರ್ ಮೇಜಿನ ಮೇಲೆ ತಟ್ಟೆ ಇಡಿಸುತ್ತಾನೆ, ಚಮಚ ಇಡಿಸುತ್ತಾನೆ, ಚಾಕು ಇಡಿಸುವುದಿಲ್ಲ. ಅವರವರ ಚಾಕು ಅವರವರ ಜೇಬಿನಿಂದಲೇ ಬರಬೇಕು. ಯಜಮಾನ ಚಾಕು ಬಿಚ್ಚಿದರೆ ಊಟ ಶುರು, ಮಡಚಿದರೆ ಮುಗಿಯಿತು. ಬಾಯಲ್ಲಿರುವ ತುತ್ತು ನುಂಗಿ ಎದ್ದುಬಿಡಬೇಕು. ಹಸುವಿನ ವ್ಯಾಪಾರ, ಹೆಣ್ಣು ಕೇಳುವ ಮಾತು, ಎಲ್ಲಕ್ಕೂ ಮುಹೂರ್ತ ಒಂದೇ: ಚೀಸ್ ಬಂದ ಮೇಲೆ, ಚಾಕು ಮಡಚುವ ಮುಂಚೆ.

ಆಂಥೆಲ್ಮ್ ಕೇಳಬೇಕಾಗಿದ್ದದ್ದು ಗಾಸ್ಪಾರನ ಮಗಳು ಜೆಲೀಯನ್ನು. ಹಿಂದೆ ಎರಡು ಸಲ ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮುದುಕ ಚಾಕು ಮಡಚಿಬಿಟ್ಟಿದ್ದ. ನಾಳೆ ಮುದುಕ ಹಸುಗಳನ್ನು ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೊರಟರೆ ಇಳಿಯುವುದು ಚಳಿ ಬಿದ್ದಾಗಲೇ. ಜೆಲೀ ಕಡ್ಡಿ ಮುರಿದಂತೆ ಹೇಳಿದ್ದಳು: "ಇವತ್ತೇ ಕೇಳು. ಇಲ್ಲಾಂದ್ರೆ ಚಳಿಗಾಲದಲ್ಲಿ ನಿನ್ನ ಅಂಚೆಚೀಲಾನೇ ತಬ್ಕೊಂಡು ಮಲಕ್ಕೋ."

ಮಡದಿ ಬೇಕಾದವನಿಗೆ ಮೊದಲು ಮಡಚುವ ಚಾಕು ಬೇಕಾಯಿತು. ಅಂಗಡಿಯ ಪೆರ್ನೆಟ್ ಇದ್ದುದರಲ್ಲೇ ಅಗ್ಗದ್ದನ್ನು ತೆಗೆದು ಮುಂದಿಟ್ಟಳು. ಮರದ ಹಿಡಿ, ಒಂದೇ ಅಲಗು, ಅಲಗು ಅಲುಗದಂತೆ ಕುತ್ತಿಗೆಗೊಂದು ತಿರುಗಿಸುವ ಬಳೆ.

"ದಿನದ ಕೆಲಸಕ್ಕೆ ಬರುತ್ತಾ ಪೆರ್ನೆಟ್ಟಮ್ಮಾ?"

"ನಿನಗಿಂತ ಬರುತ್ತೆ ಕಣಪ್ಪಾ."

ಗಾಸ್ಪಾರ್ ಚಾಕು ನೋಡಿ ಗಂಡಸನ್ನು ಅಳೆಯುವವನು. ಆದ್ದರಿಂದ ಆಂಥೆಲ್ಮ್ ಊರ ನೀರಿನ ತೊಟ್ಟಿಯ ಕಟ್ಟೆ ಮೇಲೆ ಕೂತು ಪರೀಕ್ಷೆ ಶುರು ಮಾಡಿದ. ದಾರ ಕತ್ತರಿಸಿತು. ಸೇಬು ಸುಲಿಯಿತು. ಗಟ್ಟಿ ಸಾಸೇಜನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿತು. ಹೆಬ್ಬೆರಳನ್ನೂ ಸ್ವಲ್ಪ ಹೆಚ್ಚಿತು.

"ಒಣ ಪರೀಕ್ಷೆ ಯಾವ ಪರೀಕ್ಷೆಯೋ!" ಎಂದ ಪಕ್ಕದ ಮನೆಯ ಕ್ಲೋಡಿಯುಸ್. ಸಾಸೇಜಿನ ವಾಸನೆ ಹಿಡಿದೇ ಬಂದವನು, ತುಂಡೆಲ್ಲ ಅವನ ಹೊಟ್ಟೆಗೇ ಹೋಗಿತ್ತು. "ತೊಳೀದೆ ಇರ್ತೀಯಾ? ನೀರಲ್ಲಿ ಹಾಕಿ ನೋಡು."

ತೊಟ್ಟಿಯಲ್ಲಿ ಮುಳುಗಿಸಿಟ್ಟು, ಕ್ಲೋಡಿಯುಸ್‌ನ ಮಂಡಿನೋವಿನ ಕತೆ ಪೂರ್ತಿ ಕೇಳಿ ತೆಗೆದರೆ ಮರ ನೀರು ಕುಡಿದು ಉಬ್ಬಿತ್ತು. ಬಿಚ್ಚಿದ ಅಲಗು ಬಿಚ್ಚಿದ ಹಾಗೇ ನಿಂತಿತ್ತು. ತಳ್ಳಿದ, ಒತ್ತಿದ, ಬೈದ. ಹಟಮಾರಿ ಕತ್ತೆಯಂತೆ ಅದು ಕತ್ತನ್ನೂ ತಿರುಗಿಸಲಿಲ್ಲ.

"ನಾನು ಹೇಳ್ಲಿಲ್ವಾ?" ಎಂದ ಕ್ಲೋಡಿಯುಸ್ ಸಂತೋಷದಿಂದ.

ಅಂಗಡಿಗೆ ವಾಪಸು ಒಯ್ದರೆ ಪೆರ್ನೆಟ್ ತಲೆ ಚಚ್ಚಿಕೊಂಡು ಅದನ್ನು ರೊಟ್ಟಿ ತೆಗೆದ ಬೆಚ್ಚನೆ ಒಲೆಯೊಳಗೆ ಇಟ್ಟಳು. ಊಟದ ಹೊತ್ತಿಗೆ ಹಿಡಿ ಒಣಗಿ, ಅಲಗು ಬೆರಳು ಸೋಕಿದರೆ ಮಡಚುವಷ್ಟು ಸಲೀಸಾಗಿತ್ತು. ಆದರೆ ಆಂಥೆಲ್ಮ್‌ನ ತಲೆಯೊಳಗೆ ಅಷ್ಟರಲ್ಲಿ ಬೇರೆಯೇ ಒಂದು ರೊಟ್ಟಿ ಬೇಯುತ್ತಿತ್ತು. ಗಾಸ್ಪಾರನ ಚಾಕುವಿನದೂ ಮರದ ಹಿಡಿ. ಮರ ಉಬ್ಬಿದರೆ ಮಡಚದು. ಮಡಚದಿದ್ದರೆ ಊಟ ಮುಗಿಯದು. ಊಟ ಮುಗಿಯದಿದ್ದರೆ ಧೈರ್ಯ ಬರುವವರೆಗೂ ಕಾಯಬಹುದು!

ಮೇಜಿನ ತಲೆಯಲ್ಲಿ ಗಾಸ್ಪಾರ್ ಚಾಕು ಬಿಚ್ಚಿ, ರೊಟ್ಟಿ ಕೊಯ್ದು, ಪಕ್ಕಕ್ಕಿಟ್ಟ. ಆಂಥೆಲ್ಮ್‌ನ ಮೊಣಕೈ ಜಾರಿತು. ಚಾಕು ಮೇಜಿನ ಪಕ್ಕದಲ್ಲಿಟ್ಟಿದ್ದ ಬಿಸಿಬಿಸಿ ಸೂಪಿನ ಹಂಡೆಯೊಳಗೆ ಬುಳುಕ್ಕೆಂದಿತು.

"ಅಯ್ಯಯ್ಯೋ! ತೆಗೀಲಾ ಯಜಮಾನ್ರೇ?"

"ಇರಲಿ ಬಿಡೋ. ಸೌಟು ತಳ ಮುಟ್ಟಿದಾಗ ಸಿಗುತ್ತೆ. ಎಷ್ಟೋ ವರ್ಷ ಸಾಸೇಜು ಕೊಯ್ದ ಚಾಕು, ಸೂಪಿಗೆ ರುಚಿ ಬಂದೀತು."

ಎಲ್ಲರೂ ಎರಡೆರಡು ಬಟ್ಟಲು ಕುಡಿದರು. ಆಂಥೆಲ್ಮ್ ತಳ ಕಾಣದಿರಲೆಂದು ತನ್ನ ಪಾಲನ್ನು ತೊಟ್ಟುತೊಟ್ಟಾಗಿ ಕುಡಿದ. ಕೊನೆಗೆ ಹೊರಬಂದ ಚಾಕುವನ್ನು ಮುದುಕ ಪ್ಯಾಂಟಿಗೆ ಒರೆಸಿಕೊಂಡು ಮಾಂಸ ಕೊಯ್ದ, ಚೀಸ್ ಕೊಯ್ದ. ಆಮೇಲೆ ಮಡಚಹೋದ.

ಮಡಚಲಿಲ್ಲ.

ಮೊಣಕಾಲಿಗೆ ಒತ್ತಿದ. ಹಲ್ಲು ಕಚ್ಚಿದ. ಹಿಡಿಯನ್ನು ಮೇಜಿಗೆ ಕುಟ್ಟಿದ. ಎದ್ದು ನಿಲ್ಲಲು ಸಜ್ಜಾಗಿದ್ದ ಮನೆಮಂದಿ ಮತ್ತೆ ಕೂತರು. ಆಂಥೆಲ್ಮ್ ಇನ್ನೊಂದು ಚೂರು ಚೀಸ್ ಕೊಯ್ದುಕೊಂಡ, ವೈನ್ ಬಗ್ಗಿಸಿಕೊಂಡ. ಇಡೀ ಮಧ್ಯಾಹ್ನವನ್ನೇ ಕ್ರಯಕ್ಕೆ ಪಡೆದವನಂತೆ ಕುರ್ಚಿಗೆ ಒರಗಿದ. ಮೇಜಿನ ಕೆಳಗೆ ಜೆಲೀ ಅವನ ಕಾಲು ತುಳಿದಳು.

"ಈಗ್ಲೇ ಕೇಳೋ!"

"ಅವಸರ ಏನಿದೆಯೇ? ಸಂಜೆವರೆಗೂ ಮಡಚಲ್ಲ ಅದು."

ನಿಧಾನಕ್ಕೆ ಎದ್ದು ನಿಂತ. ಎತ್ತರದ ಮಾತಿಗೆ ಎತ್ತರದ ಪೀಠಿಕೆ ಬೇಕಲ್ಲ. ಈ ವರ್ಷದ ಹುಲ್ಲಿನಿಂದ ಶುರು ಮಾಡಿ, ಹಸುಗಳ ಆರೋಗ್ಯಕ್ಕೆ ಬಂದು, ಅಲ್ಲಿಂದ ಬೆಳಿಗ್ಗೆ ಕೊಂಡ ಚಾಕುವಿಗೆ ಹೊರಳಿದ. "ಅಗ್ಗದ್ದೇ ಯಜಮಾನ್ರೇ, ಆದ್ರೆ ನೋಡಿ ಹೇಗಿದೆ!" ಎಂದು ಅಭಿಮಾನದಿಂದ ಮೇಜಿನ ಮೇಲಿಟ್ಟ. "ಒಂಟಿ ಅಲಗಿಗೂ ಒಂದು ಹಿಡಿಯ ಆಸರೆ ಬೇಕು. ಹಾಗೇ ಒಂಟಿ ಗಂಡಸಿಗೆ..."

"ಇಲ್ಲಿ ಕೊಡು," ಎಂದು ಮುದುಕ ಅದನ್ನು ಎಳೆದುಕೊಂಡ.

ಟಕ್.

ಕುರ್ಚಿಗಳು ಸರಿದವು. ಮನೆಮಂದಿ ಎದ್ದರು. ತಟ್ಟೆಗಳು ಹೊರಟವು.

"ಅದು ನನ್ನ ಚಾಕು ಯಜಮಾನ್ರೇ! ಅದು ಮಡಚಿದ್ರೆ ಲೆಕ್ಕಕ್ಕಿಲ್ಲ!"

"ಯಜಮಾನ ಚಾಕು ಮಡಚಿದ್ರೆ ಊಟ ಮುಗೀತು ಅಂತ ನಮ್ಮಪ್ಪ ಹೇಳಿದ್ದು," ಎಂದ ಗಾಸ್ಪಾರ್. "ಯಾರ ಚಾಕು ಅಂತ ಹೇಳ್ಲಿಲ್ಲ."

ಅವನು ಮತ್ತೊಮ್ಮೆ ಬಿಚ್ಚಿ ನೋಡಿದ. ಆಂಥೆಲ್ಮ್‌ಗೆ ಜೀವ ಬಂತು. ಮಡಚಿದ. ಹೋಯಿತು.

"ಬೆಣ್ಣೆ ಹಾಗೆ ಮಡಚುತ್ತಲ್ಲೋ! ಭೇಷ್. ನನ್ನದು ಇನ್ನು ಯಾವಾಗ ಒಣಗುತ್ತೋ. ಇದು ನನ್ನ ಜೊತೆ ಬೆಟ್ಟಕ್ಕೆ ಬರಲಿ." ಜೇಬು ತಡಕಿ ಆಂಥೆಲ್ಮ್‌ನ ಅಂಗೈಗೆ ಒಂದು ನಾಣ್ಯ ಒತ್ತಿದ. "ಚಾಕು ಪುಕ್ಕಟೆ ಇಸ್ಕೋಬಾರದಪ್ಪ, ಸಂಬಂಧ ಕತ್ತರಿಸುತ್ತಂತೆ. ನಮ್ಮ ಸಂಬಂಧ ಗಟ್ಟಿಯಾಗಿರಲಿ."

"ಯಜಮಾನ್ರೇ, ಆ ಸಂಬಂಧದ ವಿಷಯಾನೇ ನಾನು..."

ಗಾಸ್ಪಾರ್ ಬೆರಳೆತ್ತಿದ. "ಚಾಕು ಮಡಚಿದೆ ಮಗಾ. ಹಸು ಇಳಿದ ಮೇಲೆ ಮಾತಾಡೋಣ."

ಅಡಿಗೆಮನೆಯಲ್ಲಿ ಜೆಲೀ ತಟ್ಟೆಗಳನ್ನು ಬೇಕಾದದ್ದಕ್ಕಿಂತ ಜೋರಾಗಿ ತೊಳೆಯುತ್ತಿದ್ದಳು. ಆಂಥೆಲ್ಮ್ ನಾಣ್ಯವನ್ನು ಜೇಬಿಗೆ ಹಾಕಿಕೊಂಡ. ಅದು ತೂತಿನಿಂದ ಜಾರಿ, ಕಾಲುದ್ದಕ್ಕೂ ತಣ್ಣಗೆ ಇಳಿದು, ಬೂಟಿನೊಳಗೆ ಕೂತಿತು.