ಕೌದಿ ಹೊದ್ದ ಎಂಟು ಸಿಲಿಂಡರು

ನಮ್ಮ ಸೋದರಮಾವ ಮನುಷ್ಯರಿಗಿಂತ ಮೊದಲು ಕಾರಿಗೆ ನೀರು ಕೊಡುತ್ತಿದ್ದ. ಉತ್ಪ್ರೇಕ್ಷೆ ಎನ್ನುತ್ತೀರಾ? ಒಂದು ಬೇಸಗೆಯ ಮಧ್ಯಾಹ್ನ ನಾನು ಬೇಕೆಂದೇ ಬಾಯಿ ಒಣಗಿಸಿಕೊಂಡು ಅವನೆದುರು ನಿಂತು ಪರೀಕ್ಷೆ ಮಾಡಿದ್ದೇನೆ. ತುಂಬಿದ ಕೊಡ ನನ್ನ ಮೂಗಿನ ಮುಂದೆಯೇ ಹಾದು ಕಾರಿನ ಬಾಯಿಗೆ ಹೋಯಿತು. "ನಿಂಗೆ ಕಾಲು ಅದಾವೆ, ಬಾವಿಗೆ ಹೋಗು. ಪಾಪ, ಅದ್ಕೆ ಅದಾವೇನು?" ಎಂದ. ನಾಲ್ಕು ಚಕ್ರ ಇದ್ದದ್ದು ಆ ಕ್ಷಣಕ್ಕೆ ಅವನಿಗೆ ಮರೆತುಹೋಗಿತ್ತು!

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಕಾರು ಮಾವನದಲ್ಲ, ಚನ್ನಗಿರಿಯ ಸಾಹುಕಾರರದು, ಮಾವ ಡ್ರೈವರು. ಹಳೆಯ ಕಾರಿಗೆ ನಾಲ್ಕೇ ಸಿಲಿಂಡರು. ಅದು ಎತ್ತಿನ ಗಾಡಿಗಳಿಗೆ ದಾರಿ ಬಿಟ್ಟು ನಿಧಾನವಾಗಿ ಓಡಾಡಿಕೊಂಡಿತ್ತು, ಒಂದು ದಿನವೂ ಕುದಿಯಲಿಲ್ಲ. ಅದನ್ನು ಕೊಟ್ಟು ಸಾಹುಕಾರರು ಎಂಟು ಸಿಲಿಂಡರಿನ ಹೊಸ ಕಾರು ತಂದರು. ಓಟದಲ್ಲಿ ಗಾಳಿಯ ತಮ್ಮ! ಆದರೆ ಆರು ಮೈಲಿಗೊಮ್ಮೆ ಮೂತಿಯಿಂದ "ಬುಸ್ಸ್..." ಎಂದು ಆವಿ ಬಿಟ್ಟು ರಸ್ತೆ ಮಧ್ಯದಲ್ಲಿ ನಿಲ್ಲುತ್ತಿತ್ತು. ಹಿಂದೆ ಬಿದ್ದ ಎತ್ತಿನ ಗಾಡಿಗಳೆಲ್ಲ ಕುಶಲ ವಿಚಾರಿಸಿಕೊಂಡು ಮುಂದೆ ಹೋಗುತ್ತಿದ್ದವು.

"ಇದಕ್ಕೆ ಉಷ್ಣ ಆಗೈತೆ" ಎಂದು ಮಾವ ರೋಗ ಗುರುತಿಸಿದ. ಉಷ್ಣಕ್ಕೆ ಮದ್ದು ಯಾರಿಗೆ ಗೊತ್ತಿಲ್ಲ? ಮೊದಲ ವಾರ ಬಾನೆಟ್ಟಿಗೆ ಹರಳೆಣ್ಣೆ ತಿಕ್ಕಿದ. ನ್ಯಾಮತಿ ದಾರಿಯ ಧೂಳೆಲ್ಲ ಅದಕ್ಕೆ ಅಂಟಿ, ಕಾರು ಹುತ್ತದಂತಾಗಿ ಮನೆಗೆ ಬಂತು. ಎರಡನೆಯ ವಾರ ನೀರಿನ ಬದಲು ಮಜ್ಜಿಗೆ ಹುಯ್ದ. ಆ ಹುಳಿ ವಾಸನೆ ಊರಿಗೆ ಮೊದಲೇ ಸುದ್ದಿ ಮುಟ್ಟಿಸುತ್ತಿತ್ತು; ಸಾಹುಕಾರರು ಒಳಗೆ ಮೂಗು ಮುಚ್ಚಿಕೊಂಡು ಕೂರುತ್ತಿದ್ದರು. ಮೂರನೆಯ ವಾರ ರೇಡಿಯೇಟರು ಸೋರಿತು. ಯಾರೋ ಹೇಳಿದರೆಂದು ಸೋರುವ ತೂತು ಮುಚ್ಚಲು ಎರಡು ಹಿಡಿ ರಾಗಿಹಿಟ್ಟು ಹಾಕಿದ. ತೂತು ಮುಚ್ಚಿತು, ಸುಳ್ಳಲ್ಲ. ಆದರೆ ಹೊನ್ನಾಳಿ ಹೊಳೆ ದಂಡೆಯಲ್ಲಿ ಮುಚ್ಚಳ ತೆಗೆದರೆ ಕೊತಕೊತ ಕುದಿಯುವ ಅಂಬಲಿ! "ಉಪ್ಪು ಒಂದು ಕಡಿಮೆ ಆಗೈತೆ ಮಾವ" ಎಂದೆ. ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟ.

ನಾನಾದರೂ ಏನು ಕಡಿಮೆ? ಇಪ್ಪತ್ತು ವರ್ಷದ ಗಂಡಾಳು, ಮಾಡಲು ಕೆಲಸವಿಲ್ಲ, ಪರೀಕ್ಷೆಯಲ್ಲಿ ಎರಡು ಸಲ ಫೇಲು; ಸಾಹುಕಾರರ ಸಾಮಾನು ಹೊರುವ ನೆಪದಲ್ಲಿ ಮಾವನ ಪಕ್ಕ ಕೂತು ಕಾರಿನಲ್ಲಿ ತಿರುಗುತ್ತಿದ್ದೆ. ಬರುತ್ತಿದ್ದ ವಿದ್ಯೆ ಒಂದೇ, ಅಣಕ. ಶಾನುಭೋಗರ ಕೆಮ್ಮು, ಮೇಷ್ಟ್ರ ನಶ್ಯ, ಸಾಹುಕಾರರ ಗೊರಕೆ, ಎಲ್ಲ ನನ್ನ ಗಂಟಲಲ್ಲೇ ಬಿಡಾರ ಮಾಡಿದ್ದವು. ಕಾರಿನ "ಬುಸ್ಸ್" ಕೂಡ ಎಂಟೇ ದಿನದಲ್ಲಿ ವಶವಾಯಿತು. ಸಂತೇಬೆನ್ನೂರಿನ ದಾರಿಯಲ್ಲಿ ಒಮ್ಮೆ ಮುಖ ಆಚೆ ತಿರುಗಿಸಿ ಅದನ್ನೇ ಮೆಲ್ಲಗೆ ಬಿಟ್ಟೆ. ಮಾವ ಗಕ್ಕನೆ ಬ್ರೇಕು ಹಾಕಿ, ಕೊಡ ಹಿಡಿದು ಕೆರೆಗೆ ಓಡಿ, ತುಂಬಿಕೊಂಡು ಬಂದು ಮುಚ್ಚಳ ಮುಟ್ಟಿದರೆ ತಣ್ಣಗಿದೆ! ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಕೊಡದ ನೀರು ನನ್ನ ತಲೆಗೆ ಬಂತು. ಕಾರಿಗಿಂತ ಮೊದಲು ನನಗೆ ನೀರು ಸಿಕ್ಕಿದ್ದು ಅದೊಂದೇ ಸಲ.

ಇನ್ನು ಆ ಕೌದಿಯ ವಿಷಯ ಹೇಳಬೇಕು. ಹೊಸ ಕಾರು ಬಂದ ದಿನವೇ ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ತನ್ನ ಹಳೆಯ ಸೀರೆಗಳನ್ನು ಹರಿದು ಕೌದಿ ಹೊಲಿದಳು. ನಡುವೆ ಅವಳ ಧಾರೆ ಸೀರೆಯ ಹಸಿರು ತುಂಡು. "ಇಷ್ಟು ಚೆಂದದ ಮುಖ, ಯಾರ ಕಣ್ಣಾದ್ರೂ ಬೀಳ್ತೈತೆ" ಎಂದು ಕಾರಿನ ಮೂತಿಗೆ ಕಟ್ಟಿದಳು. ಮಾವ ನಿಂತಾಗಲೂ ಬಿಚ್ಚಲಿಲ್ಲ, ಓಡುವಾಗಲೂ ಬಿಚ್ಚಲಿಲ್ಲ. ದಾವಣಗೆರೆಯ ರಿಪೇರಿ ಮೇಸ್ತ್ರಿ ನೋಡಿ ತಲೆ ಚಚ್ಚಿಕೊಂಡ.

"ಏನ್ರೀ ಇದು? ಒಳಗೆ ಗಾಳಿ ಹೋಗಬೇಕಾದ ಜಾಗ! ನಿಮ್ಮ ಮೂಗು ಮುಚ್ಚಿ ಓಡ್ರಿ ಅಂದ್ರೆ ಓಡ್ತೀರಾ?"

"ನಂದು ನಾ ನೋಡ್ಕೊತೀನಿ. ನೀ ನಿನ್ನ ಸ್ಪಾನರು ನೋಡ್ಕೊ" ಎಂದ ಮಾವ.

ನನಗೆ ತಡೆಯಲಾಗಲಿಲ್ಲ. "ಬಿಚ್ಚಿಬಿಡು ಮಾವ. ಹನ್ನೆರಡು ಕೊಡ ನೀರು ಹೊರೋದಕ್ಕಿಂತ ಒಂದು ಗಂಟು ಬಿಚ್ಚೋದು ಕಷ್ಟವಾ?"

ಅವನು ಚಕ್ರ ನೋಡುತ್ತಾ ಹೇಳಿದ: "ಅವಳು ಈ ಕಾರಾಗೆ ಒಂದಿನಾನೂ ಕುಂತಿಲ್ಲ ಕಣೋ. ಡ್ರೈವರ್ ಹೆಂಡ್ತಿ ಕುಂದ್ರಾಕೆ ಆಗ್ತೈತಾ? ಹೊನ್ನಾಳಿ ಹೊಳೆ ನೋಡಿಲ್ಲ. ಅವಳ ಸೀರೆನಾದ್ರೂ ಊರು ನೋಡ್ಲಿ ಬಿಡು."

ಹೀಗೆ ಎಂಟು ಸಿಲಿಂಡರು ಉಸಿರು ಕಟ್ಟಿಕೊಂಡು ಓಡಿತು. ಊರಿಗೆ ಮರಳಿದಾಗ ಬೀದಿಯ ತಿರುವಿನಲ್ಲಿ "ಬುಸ್ಸ್" ಕೇಳಿದರೆ ಅತ್ತೆ ಮುದ್ದೆಗೆ ಎಸರಿಟ್ಟು, ಕಾರಿಗೊಂದು ಕೊಡ ನೀರು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಸಾಹುಕಾರರ ತಾಳ್ಮೆಗೆ ಮಾತ್ರ ಎಂಟು ಸಿಲಿಂಡರಿರಲಿಲ್ಲ. ಜಗಳೂರಿನಲ್ಲಿ ಅವರಿಗೆ ಮಗಳ ಸಂಬಂಧದಿಂದ ಹೊಸದಾಗಿ ಬೀಗತನ ಕೂಡಿತ್ತು. ಹೊರಡುವ ದಿನ ಕಾರು ಹತ್ತುವ ಮೊದಲೇ ಬೆರಳೆತ್ತಿದರು.

"ನೋಡಪ್ಪಾ, ಬೀಗರ ಊರು. ದಾರ್ಯಾಗೆ ಒಂದ್ಸಲ ಕುದೀತು ಅಂದ್ರೆ ಈ ಕಾರು ಮಾರಿ ಮತ್ತೆ ಕಮಾನು ಗಾಡಿ ಕಟ್ಟಿಸ್ತೀನಿ. ಎತ್ತು ಹೊಡಿಯಾಕೆ ನೀ ಬರ್ತೀಯೇನು?"

ಸ್ಟಿಯರಿಂಗ್ ಬಿಟ್ಟರೆ ಮಾವನ ಕೈಗಳಿಗೆ ಬೇರೆ ಏನೂ ಗೊತ್ತಿರಲಿಲ್ಲ. "ಕುದಿಯಲ್ಲ ಸಾವ್ಕಾರ್ರೇ" ಎಂದ. ಕೌದಿಯ ಗಂಟನ್ನು ಇನ್ನಷ್ಟು ಬಿಗಿದ! ಹಟ ಎಂದರೆ ಇದಲ್ಲವೇ?

ಕುದಿಯುವ ಮೊದಲೇ ಕೆರೆ ಸಿಕ್ಕಲ್ಲೆಲ್ಲ ನಿಲ್ಲಿಸಿ ನೀರು ಹುಯ್ದದ್ದರಿಂದ ದಾವಣಗೆರೆ ದಾಟುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಬಯಲು, ಬಿಸಿಲು, ನೀರಿನ ಸುಳಿವಿಲ್ಲ. ಸಾಹುಕಾರರು ಹಿಂದೆ ಗೊರಕೆ ಹೊಡೆಯುತ್ತಿದ್ದರು. ನಾನು ಮಾಡುವುದಕ್ಕಿಂತ ಸ್ವಲ್ಪ ಸಪ್ಪೆಯಾಗಿ. ಮುಂದೆ ಶಾಖ ತೋರಿಸುವ ಮುಳ್ಳು ಮೆಲ್ಲಗೆ ಏರುತ್ತಿತ್ತು. ಮಾವ ಅದನ್ನು ದುರುಗುಟ್ಟಿ ನೋಡುತ್ತಿದ್ದ, ಹೆದರಿಸಿದರೆ ಇಳಿದೀತೇನೋ ಎಂಬಂತೆ.

"ಬುಸ್ಸ್..."

ಗೊರಕೆ ನಿಂತಿತು. "ಏನದು? ಕುದೀತಾ?"

ಮಾವನ ಕತ್ತಿನ ನರ ಉಬ್ಬಿದ್ದು ಕಂಡೆ. ನನ್ನ ಬಾಯಿ ನನಗಿಂತ ಮೊದಲೇ ತೆರೆಯಿತು. "ನಾನೇ ಸಾವ್ಕಾರ್ರೇ! ಬೇಜಾರು ಕಳಿಯಾಕೆ ಅಂತ!" ಎಂದು ಸಾಕ್ಷಿಗೆ ಇನ್ನೊಂದು "ಬುಸ್ಸ್" ಬಿಟ್ಟೆ.

"ಥೂ ಕೋತಿ! ಇನ್ನೊಂದ್ಸಲ ಅಂದ್ರೆ ಇಲ್ಲೇ ಇಳಿಸಿ ಹೋಗ್ತೀನಿ."

ಅರ್ಧ ಮೈಲಿ ಹೋಗುವಷ್ಟರಲ್ಲಿ ಕಾರು ಇನ್ನೊಂದು ಸಲ ಅಂದಿತು. ನಾನೇನು ಮಾಡಲಿ? "ನಾನೇ!" ಎಂದೆ.

"ನಿಲ್ಸೋ ಕಾರು! ಇಳಿಯೋ ಕೆಳಗೆ! ನಡ್ಕೊಂಡು ಬಾ ಜಗಳೂರಿಗೆ!"

ಇಳಿದೆ. ಮಾವನೂ ಇಳಿದು ಬಂದ. ಬೈಯುತ್ತಾನೆ ಎಂದುಕೊಂಡರೆ ನೇರವಾಗಿ ಕಾರಿನ ಮುಂದೆ ಹೋಗಿ ನಿಂತ. ಒಂದು ಗಳಿಗೆ ಹಸಿರು ತುಂಡಿನ ಮೇಲೆ ಕೈಯಿಟ್ಟ. ಆಮೇಲೆ ಎರಡೂ ಗಂಟು ಬಿಚ್ಚಿ, ಧೂಳು ಕೊಡವಿ, ಕೌದಿಯನ್ನು ನನ್ನ ತಲೆಗೆ ಹೊದಿಸಿದ.

"ಬಿಸಿಲೈತೆ. ಹೊದ್ಕೊಂಡು ಬಾ" ಎಂದ. ಕಾರಿನಲ್ಲಿ ಒಂದೇ ಒಂದು ಕೊಡ ನೀರು ಉಳಿದಿತ್ತು. ಅದು ಮಾತ್ರ ಕಾರಿಗೇ ಹೋಯಿತು, ಬಿಡಿ!

ಮೂರು ಮೈಲಿ ನಡೆದೆ. ಎದುರಾದ ಕುರಿಗಳು ನನ್ನನ್ನು ನೋಡಿ ದಾರಿ ಬಿಟ್ಟವು. ಜಗಳೂರು ಮುಟ್ಟಿದಾಗ ಕಾರು ಬೀಗರ ಮನೆ ಮುಂದೆ ತಣ್ಣಗೆ, ಬರಿಮುಖದಲ್ಲಿ ನಿಂತಿತ್ತು. ಮೂಗಿನ ಕೌದಿ ಬಿಚ್ಚಿದ ಮೇಲೆ ಒಂದೇ ಒಂದು ಸಲವೂ ಕುದಿದಿರಲಿಲ್ಲವಂತೆ. ಸಾಹುಕಾರರು ಜಗುಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದರು.

"ಕಾರು ಕುದೀಲಿಲ್ಲಪ್ಪಾ, ಒಪ್ಪಿದೆ" ಎಂದರು ಮಾವನಿಗೆ. "ಆದ್ರೆ ನಿನ್ನ ಅಳಿಯ ಸದ್ದೇನೋ ಬಾಯಾಗೆ ಮಾಡ್ದ. ಆ ಹೊಗೆ ಎಲ್ಲಿಂದ ಬಿಟ್ಟ?"

ನಾನು ಕೌದಿಯೊಳಗೆ ಅಡಗಿದೆ. ಸಾಹುಕಾರರು ನಗುತ್ತಿದ್ದರು. ಆ ನಗು ಇಳಿಯುವ ಮೊದಲೇ ಮಾವ ಹತ್ತಿರ ಹೋಗಿ ಏನೋ ಪಿಸುಗುಟ್ಟಿದ. "ಇಷ್ಟೇನಾ? ಅದನ್ನ ಕೇಳಾಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?" ಎಂದರು ಸಾಹುಕಾರರು. ಅವರು ನಾಲ್ಕು ದಿನ ಅಲ್ಲೇ ಉಳಿಯುವವರು. ನಾವು ಖಾಲಿ ಕಾರು ತಂದೆವು. ಮುಳ್ಳು ಅಲುಗಲಿಲ್ಲ, ಎಂಟು ಸಿಲಿಂಡರಿಗೆ ಮಾತೇ ಬಾರದು ಎಂಬಷ್ಟು ಮೌನ.

ಸಂಜೆ ಬೀದಿಯ ತಿರುವಿನಲ್ಲಿ ಮಾವ ಕಾರು ನಿಲ್ಲಿಸಿದ.

"ಒಂದ್ಸಲ ಅನ್ನೋ."

"ಏನು?"

"ಅದೇ ಕಣೋ, ಬುಸ್. ಇಲ್ದಿದ್ರೆ ಅವಳಿಗೆ ನಾ ಬಂದಿದ್ದು ಹೆಂಗೆ ಗೊತ್ತಾಗಬೇಕು?"

ಜನ್ಮದಲ್ಲಿ ಮೊದಲ ಸಲ ಒಬ್ಬರು ಕೇಳಿ ಅಣಕ ಮಾಡಿಸಿಕೊಂಡರು. ಎದೆ ತುಂಬ ಗಾಳಿ ತೆಗೆದುಕೊಂಡು ಬಿಟ್ಟೆ. ಮನೆ ಮುಂದೆ ಹೋಗುವಷ್ಟರಲ್ಲಿ ಅತ್ತೆ ತುಂಬಿದ ಕೊಡ ಹಿಡಿದು ನಿಂತಿದ್ದಳು. ಮಾವ ಇಳಿದು ಹಿಂದಿನ ಬಾಗಿಲು ತೆಗೆದ, ಸಾಹುಕಾರರಿಗೆ ತೆಗೆಯುವಂತೆಯೇ.

"ಹತ್ತೇ. ಸಾವ್ಕಾರ್ರನ್ನ ಕೇಳಿದೀನಿ."

"ಒಲೆ ಮ್ಯಾಲೆ ಎಸರೈತೆ..."

"ಕುದೀಲಿ ಬಿಡು. ಇವತ್ತು ಅದೊಂದೇ ಕುದಿಯೋದು."

ಅತ್ತೆ ಕೌದಿ ಹಾಸಿದ ಸೀಟಿನ ತುದಿಯಲ್ಲಿ ಕೂತಳು. ಕೊಡ ಕೆಳಗಿಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡಳು. "ಇರ್ಲಿ, ದಾರ್ಯಾಗೆ ಬೇಕಾಗ್ತೈತೆ" ಎಂದಳು. ಕೆರೆ ಏರಿಯ ತನಕ ಹೋಗಿ ಬಂದೆವು. ಗಾಳಿಯ ತಮ್ಮನನ್ನು ಮಾವ ಅದೆಷ್ಟು ನಿಧಾನವಾಗಿ ಓಡಿಸಿದನೆಂದರೆ, ಕಂಠಮಟ್ಟ ತುಂಬಿದ ಆ ಕೊಡದಿಂದ ಒಂದು ಹನಿಯೂ ಅತ್ತೆಯ ಸೀರೆಗೆ ತುಳುಕಲಿಲ್ಲ.