ಸಮ್ರಾನನ ಮಧ್ಯಾಹ್ನದ ನಿದ್ದೆ

ಅವಳು ಒಳ್ಳೆಯದನ್ನೇ ಬರೆದಿದ್ದಳು. ಕೆಟ್ಟದ್ದು ಬರೆದಿದ್ದರೆ ಸಮ್ರಾನ್ ಬದುಕಿಕೊಳ್ಳುತ್ತಿದ್ದ.

ಬ್ಯಾಂಕಾಕಿನಿಂದ ಬಾಂಗ್ ಸೇನ್ ಕಡಲತೀರಕ್ಕೆ ಬಂದು ಹೋದ ಹೆಂಗಸೊಬ್ಬಳು, ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು ತನ್ನ ಅನುಭವವನ್ನು ಮೊಬೈಲಿನಲ್ಲಿ ಬರೆದು ಹಾಕಿದ್ದಳು. 'ಗುಡ್ಡದ ಮಂಗಗಳ ಮುಂದೆ ಕೈಚೀಲ ತೆರೆಯಬೇಡಿ. ಕಡ್ಡಿಗೆ ಚುಚ್ಚಿ ಸುಟ್ಟ ಬೊಂಡಾಸ್ ಮೀನನ್ನು ಬೆಳಿಗ್ಗೆಯೇ ತಿನ್ನಿ, ಸಂಜೆಗೆ ಅದು ಚಪ್ಪಲಿಯಾಗಿರುತ್ತದೆ. ಬುವಾ ಅಕ್ಕನ ಪಪ್ಪಾಯಿ ಕೋಸಂಬರಿಗೆ ಎರಡೇ ಮೆಣಸಿನಕಾಯಿ ಎಂದು ಮೊದಲೇ ಹೇಳಿ. ಆ ಅಕ್ಕನ ಗಂಡ ಸಮ್ರಾನ್ ಬಾಡಿಗೆಗೆ ಕೊಡುವ ಕೊಡೆಗಳ ಸಾಲಿನ ತುದಿಯಲ್ಲಿ, ತೆಂಗಿನಮರದ ಬುಡದಲ್ಲಿ, ಒಂದು ಹಳೆಯ ಕ್ಯಾನ್ವಾಸ್ ಕುರ್ಚಿ ಇದೆ. ತಪ್ಪದೆ ಅದರಲ್ಲಿ ಮಲಗಿ. ನಾನು ಮಲಗಿದ್ದೆ. ಆಮೆಯೊಂದು ಬಂದು ಐದು ಮೊಟ್ಟೆ ಇಟ್ಟ ಹಾಗೆ ಕನಸಾಯಿತು. ಆಮೆ ಒಂದು, ಮೊಟ್ಟೆ ಐದು ಎಂದು ಹದಿನೈದರಲ್ಲಿ ಮುಗಿಯುವ ಚೀಟಿ ತೆಗೆದುಕೊಂಡೆ. ಲಾಟರಿ ಹೊಡೆಯಿತು!'

ಆ ಹಳೆಯ ಕುರ್ಚಿ ಬಾಡಿಗೆಯದಾಗಿರಲಿಲ್ಲ. ಅದು ಸಮ್ರಾನನ ಸ್ವಂತದ್ದು. ಅವನು ಹಲ್ಲು ಕೀಳಿಸಲು ಹೋಗಿದ್ದ ದಿನ ಅವಳು ಯಾರನ್ನೂ ಕೇಳದೆ ಅದರಲ್ಲಿ ಮೈಚಾಚಿದ್ದಳು.

ಸಮ್ರಾನ್ ಆಸೆಬುರುಕನಲ್ಲ. ಕೋಳಿ ಕೂಗುವ ಮೊದಲೇ ಎದ್ದು ನಲವತ್ತು ಕೊಡೆ ನೆಡುತ್ತಿದ್ದ, ನೂರು ಕುರ್ಚಿ ಬಿಡಿಸುತ್ತಿದ್ದ. ಅಷ್ಟಕ್ಕೆ ಪ್ರತಿಯಾಗಿ ಅವನು ಈ ಲೋಕದಿಂದ ಕೇಳುತ್ತಿದ್ದದ್ದು ಒಂದೇ: ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ನಿದ್ದೆ. ಆ ಹೊತ್ತಿಗೆ ಕಡಲು ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗುತ್ತಿತ್ತು. ಕೊಡೆಗಳ ಸಂದಿನಿಂದ ಬಿದ್ದ ಬಿಸಿಲು ಮರಳ ಮೇಲೆ ನಾಣ್ಯ ಚೆಲ್ಲಿದಂತೆ ಕಾಣುತ್ತಿತ್ತು. ಅಲೆ ಬರುತ್ತಿತ್ತು, ಏನೋ ಹೇಳಲು ಹೋಗಿ ಮರೆತು ಹಿಂದಕ್ಕೆ ಸರಿಯುತ್ತಿತ್ತು. ಸಮ್ರಾನ್ ಟೊಪ್ಪಿಗೆಯನ್ನು ಮುಖಕ್ಕೆ ಕವುಚಿಕೊಂಡರೆ ಸಾಕು, ಹಗ್ಗ ಬಿಚ್ಚಿದ ದೋಣಿಯ ಹಾಗೆ ಮೆಲ್ಲಗೆ ದಡದಿಂದ ದೂರ ಸರಿದುಬಿಡುತ್ತಿದ್ದ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ದೊಡ್ಡವರು ಹೇಳಿದ್ದು ಇಂಥವನನ್ನು ಕಂಡೇ ಇರಬೇಕು. ಅವನಿಗೆ ಜನ್ಮದಲ್ಲಿ ಕನಸು ಬಿದ್ದಿರಲಿಲ್ಲ. ಕನಸು ನುಸುಳುವಷ್ಟು ತೂತೂ ಅವನ ನಿದ್ದೆಯಲ್ಲಿರಲಿಲ್ಲ.

ಆವತ್ತು ತಿಂಗಳ ಹದಿನಾರನೇ ತಾರೀಕು, ಲಾಟರಿ ಎತ್ತುವ ದಿನ. ಸಮ್ರಾನ್ ಕೊಡೆ ನೆಟ್ಟು ತಿರುಗಿ ನೋಡಿದರೆ, ಅವನ ಕುರ್ಚಿಯಲ್ಲಿ ಗುರುತಿಲ್ಲದ ಗಂಡಸೊಬ್ಬ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅವನ ಹಿಂದೆ ಹನ್ನೊಂದು ಜನ ಸಾಲಾಗಿ ನಿಂತಿದ್ದರು. ಒಬ್ಬಳು ಮನೆಯಿಂದ ದಿಂಬು ತಂದಿದ್ದಳು.

"ಏನ್ರೀ ಇದು?"

"ಶ್!" ಎಂದಳು ದಿಂಬಿನವಳು. "ಅವರಿಗೆ ಈಗಷ್ಟೇ ನಿದ್ದೆ ಹತ್ತಿದೆ. ಎಬ್ಬಿಸಿದ್ರೆ ನಂಬರು ಅರ್ಧಕ್ಕೇ ನಿಲ್ಲುತ್ತೆ."

"ಅದು ನನ್ನ ಕುರ್ಚಿ ಕಣಮ್ಮ."

"ನಿಮ್ದೇ ಇರ್ಲಿ ದೊಡ್ಡಪ್ಪ, ಯಾರ್ ಬೇಡ ಅಂದ್ರು? ಸಾಲಿನಲ್ಲಿ ಬನ್ನಿ."

ಸಮ್ರಾನ್ ದಿಕ್ಕುಕಾಣದೆ ಪಕ್ಕದ ಪ್ರಯೂನನ ಮುಖ ನೋಡಿದ. ಪ್ರಯೂನ್ ನೀರಿನಲ್ಲಿ ತೇಲುವ ಕಪ್ಪು ಟ್ಯೂಬುಗಳನ್ನು ಬಾಡಿಗೆಗೆ ಕೊಡುವವನು. ಊರ ಉಸಾಬರಿಯೆಲ್ಲ ಅವನಿಗೇ ಬೇಕು. ಆಗಲೇ ಕೊರಳಿಗೆ ಸೀಟಿ ಕಟ್ಟಿಕೊಂಡಿದ್ದ.

"ಜಗಳ ಆಗ್ಬಾರ್ದು ನೋಡಣ್ಣ, ಅದಕ್ಕೇ ಒಬ್ಬೊಬ್ಬರಿಗೆ ಹತ್ತು ನಿಮಿಷ ಅಂತ ಮಾಡಿದೀನಿ. ಸೀಟಿ ಊದಿದ್ರೆ ಏಳ್ಬೇಕು."

"ನನ್ನನ್ನ ಒಂದು ಮಾತು ಕೇಳಿದ್ಯೇನೋ?"

"ಕೇಳೋಕೆ ನೀನು ಎಚ್ಚರ ಇರೋದು ಯಾವಾಗ?"

ಒಂಬತ್ತು ಗಂಟೆಗೆ ಲಾಟರಿ ಮಾರುವ ಲಮ್‌ಯೈ ಕೊರಳಿಗೆ ತೂಗುಹಾಕಿದ ಮರದ ತಟ್ಟೆಯೊಂದಿಗೆ ಬಂದಳು. ಬಂದವಳೇ ಕುರ್ಚಿಯ ಕಾಲಿಗೆ ಮೂರು ಬಣ್ಣದ ಬಟ್ಟೆ ಸುತ್ತಿ, ಮುಂದೆ ಎಡೆಯಾಗಿ ಕೆಂಪು ಸೋಡಾದ ಬಾಟಲಿ ಇಟ್ಟು, ಕುಡಿಯಲು ಸ್ಟ್ರಾ ಹಾಕಿ, ಕೈಮುಗಿದಳು.

"ಕುರ್ಚಿಗೂ ಬಟ್ಟೆ ಉಡಿಸಿದ್ಯಾ ತಾಯಿ?" ಎಂದ ಸಮ್ರಾನ್.

"ಹಾಗೆಲ್ಲ ಅನ್ಬೇಡಿ ದೊಡ್ಡಪ್ಪ, ಕೇಳಿಸ್ಕೊಂಡಾಳು."

"ಯಾರು?"

"ಕುರ್ಚಿಯಮ್ಮ."

ಹನ್ನೊಂದರ ಹೊತ್ತಿಗೆ ಸಾಲು ಬೊಂಡಾಸ್ ಸುಡುವ ಗಾಡಿಯನ್ನು ದಾಟಿತ್ತು. ಯಾರೋ ತೆಂಗಿನಮರಕ್ಕೆ ಪೌಡರ್ ಉಜ್ಜಿ ತೊಗಟೆಯಲ್ಲಿ ಅಂಕಿ ಹುಡುಕುತ್ತಿದ್ದರು. ಚಿನ್ನದಂಗಡಿಯವನೊಬ್ಬನ ಹೆಂಡತಿ ಸೀಟಿ ಊದಿದರೂ ಏಳಲೊಲ್ಲಳು. "ಬಿಳೀ ಆನೆ ಬರ್ತಾ ಇದೆ, ಇನ್ನೂ ದೂರದಲ್ಲಿದೆ, ಬಂದ್ ತಲುಪ್ಲಿ ಇರಿ!" ಎಂದು ಕಣ್ಣು ಮುಚ್ಚಿಕೊಂಡೇ ಗದರಿದಳು. ಆನೆ ಬರಲು ಅರ್ಧ ಗಂಟೆ ತೆಗೆದುಕೊಂಡಿತು. ಅಷ್ಟು ಹೊತ್ತೂ ಬಿಸಿಲು ಅವಳ ಮುಖಕ್ಕೆ ಬೀಳದಂತೆ ಕೊಡೆ ವಾಲಿಸಿ ಹಿಡಿದು ನಿಂತವನು ಸಮ್ರಾನ್. ಹಾಗೆ ಹಿಡಿಯಲು ಅವನಿಗೆ ಹೇಳಿದ್ದು ಯಾರೆಂದು ಅವನಿಗೂ ಗೊತ್ತಿಲ್ಲ.

ಹನ್ನೆರಡಾಯಿತು. ಅನ್ನ ಮೀನು ಉಂಡ ಮೈ ತನ್ನ ಬಾಕಿ ಕೇಳತೊಡಗಿತು. ಬೇರೆ ಕುರ್ಚಿಯಲ್ಲಿ ಒರಗೋಣವೆಂದರೆ, ಸರದಿ ಕಾಯುವವರು ನೂರು ಕುರ್ಚಿಗಳನ್ನೂ ಹಿಡಿದಿದ್ದರು. ಹೆಂಡತಿ ಬುವಾ ಮಾತ್ರ ಒರಳಿನಲ್ಲಿ ಪಪ್ಪಾಯಿ ಕುಟ್ಟುತ್ತ ಹಾಡು ಗುನುಗುತ್ತಿದ್ದಳು. ವ್ಯಾಪಾರ ಅಂಥದ್ದು.

"ಇವರನ್ನ ಓಡಿಸ್ಬೇಕು ಕಣೇ. ಕಣ್ಣು ಉರೀತಾ ಇದೆ ನಂಗೆ."

"ಓಡಿಸಿ, ನಿಮ್ಮನ್ನ ಆ ಮಂಗನ ಗುಡ್ಡಕ್ಕೆ ಕಳಿಸ್ತೀನಿ."

ಸಮ್ರಾನ್ ಪ್ರಯೂನನನ್ನು ಕೊಡೆಯ ಮರೆಗೆ ಎಳೆದ. "ಆ ಹೆಂಗಸು ಬರೆದ ಜಾಗದಲ್ಲೇ ಇನ್ನೊಬ್ಬರು ಬರೀಬಹುದಾ?"

"ಯಾರು ಬೇಕಾದ್ರೂ ಬರೀಬಹುದು. ಬೆಳಿಗ್ಗೆಯಿಂದ ಒಂಬತ್ತು ಜನ ಬರೆದಿದಾರೆ. 'ಜಾಗ ಚೆನ್ನಾಗಿದೆ, ಮರಳು ಕಾಲು ಸುಡುತ್ತೆ, ಕುರ್ಚಿ ಪಕ್ಕ ಒಬ್ಬ ಮುದುಕ ಗೊಣಗ್ತಾ ಇರ್ತಾನೆ' ಅಂತ ಒಬ್ರು."

"ಹಾಗಾದ್ರೆ ನಾನು ಹೇಳ್ದಂಗೆ ಬರಿ. ಆ ಕುರ್ಚಿ ಸರಿಯಿಲ್ಲ. ಮಲಗಿದ್ದಕ್ಕೆ ಘೋರ ಕನಸು ಬಿತ್ತು. ನಡುರಸ್ತೆಯಲ್ಲಿ ಹೆಣದ ಪೆಟ್ಟಿಗೆ ಕಂಡೆ. ಯಾರೂ ಹೋಗ್ಬೇಡಿ."

ಪ್ರಯೂನನ ಬೆರಳು ತಡೆಯಿತು. "ಹೆಣದ ಪೆಟ್ಟಿಗೆನಾ? ಯೋಚನೆ ಮಾಡಿ ಹೇಳ್ತಾ ಇದೀಯಾ ಅಣ್ಣ?"

"ಬರಿಯೋ! ಕೇಳಿದವರ ಎದೆ ಒಡೀಬೇಕು."

ಪ್ರಯೂನ್ ಬರೆದ. ಕನಸಿನಲ್ಲಿ ಕಂಡ ಹೆಣದ ಪೆಟ್ಟಿಗೆಗಿಂತ ದೊಡ್ಡ ಶುಭಶಕುನ ಇಲ್ಲ ಎನ್ನುವುದು ಊರಿನ ಎಳೆಕೂಸಿಗೂ ಗೊತ್ತು. ಕನಸೇ ಕಾಣದವನಿಗೆ ಕನಸಿನ ವ್ಯಾಕರಣ ಎಲ್ಲಿಂದ ಬರಬೇಕು? ಮುಕ್ಕಾಲು ಗಂಟೆಯೊಳಗೆ ಎರಡು ಬಸ್ಸು ಬಂದು ನಿಂತವು. ಇಳಿದವರು ಪಂಚೆ ಎತ್ತಿ ಕಟ್ಟಿ ಮರಳಿನಲ್ಲಿ ಓಡಿಬಂದರು.

"ಪೆಟ್ಟಿಗೆ ಕಂಡಿದ್ದು ಯಾರಿಗೆ? ಎಷ್ಟು ಮೊಳೆ ಹೊಡೆದಿತ್ತು? ಯಾರಾದ್ರೂ ಎಣಿಸಿದ್ರಾ?"

"ಒಳಗೆ ಹೆಣ ಇತ್ತಾ, ಖಾಲಿಯಿತ್ತಾ? ಖಾಲಿಯಾದ್ರೆ ಸೊನ್ನೆ!"

ಸಮ್ರಾನನಿಗೆ ಅಳು ಬಂತು. ಯಾರ ಕಣ್ಣಿಗೂ ಬೀಳದೆ ಬುವಾಳ ಗಾಡಿಯ ಹಿಂದಕ್ಕೆ ಹೋದ. ಅಲ್ಲಿ ಪ್ರಯೂನನ ಟ್ಯೂಬುಗಳ ರಾಶಿಯಿತ್ತು. ಮೇಲಿನ ಟ್ಯೂಬಿನ ತೂತಿನಲ್ಲಿ ಸೊಂಟ ಇಳಿಬಿಟ್ಟು, ಕಾಲು ಮೇಲೆ ಚಾಚಿ, ಟೊಪ್ಪಿಗೆ ಕವುಚಿಕೊಂಡ. ಬಿಸಿ ರಬ್ಬರಿನ ವಾಸನೆ. ಅದರಾಚೆ ಉಪ್ಪುಗಾಳಿ. ಒರಳಿನ ಟೊಕ್ ಟೊಕ್ ಸದ್ದು ದೂರ ದೂರ ಹೋಗಿ, ಎಲ್ಲೋ ಯಾರೋ ಬಾಗಿಲು ತಟ್ಟಿ ಬೇಸತ್ತು ಹೊರಟುಹೋದಂತಾಯಿತು. ಕಡಲು ಅವನ ಕಾಲ ಬಳಿ ಬಂದು ಅವನನ್ನು ಮೆಲ್ಲಗೆ ಎತ್ತಿಕೊಂಡಿತು.

ಆದರೆ ಬೆಳಗಿನ ಗಲಾಟೆಗೆ ಆ ಗಟ್ಟಿ ನಿದ್ದೆಯೂ ಎಲ್ಲೋ ಸೀಳುಬಿಟ್ಟಿತ್ತು. ಐವತ್ತೆಂಟು ವರ್ಷದಲ್ಲಿ ಮೊದಲ ಸಲ ಅವನಿಗೊಂದು ಕನಸು ಬಿತ್ತು. ಕೊಡೆಗಳೆಲ್ಲ ಬಿಳಿ ಕೊಕ್ಕರೆಗಳಾಗಿ ನೀರಿನ ಮೇಲೆ ನಿಂತಿವೆ. ಅಷ್ಟು ಚಂದದ ಕನಸಿನಲ್ಲೂ ಗಿರಾಕಿಗಳು ಬಿಡಲಿಲ್ಲ. ಅವನು ತೊದಲಿದ: "ಏಳನೇ ಕೊಡೆಗೆ... ಎರಡು ಎಳನೀರು..."

ಕೋಸಂಬರಿಗೆ ಬಂದಿದ್ದ ಲಮ್‌ಯೈಯ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು.

"ಬುವಾ ಅಕ್ಕ, ಕೇಳಿಸ್ತಾ? ಏಳು, ಎರಡು!"

"ಅಯ್ಯೋ, ಅವರು ಎಳನೀರು ಕೊಡ್ತಾ ಇದಾರೆ ಬಿಡೇ."

"ಕನಸೇ ಬೀಳದ ಮನುಷ್ಯ ಮಾತಾಡ್ತಿದಾನೆ ಅಂದ್ರೆ ಸುಮ್ನೆ ಮಾತಾಡ್ತಾನಾ? ಕುರ್ಚಿಯಮ್ಮ ಕುರ್ಚಿ ಬಿಟ್ಟು ಇವರ ಮೈಮೇಲೆ ಬಂದಿದಾಳೆ!"

ಸುದ್ದಿ ಸಾಲಿನುದ್ದಕ್ಕೂ ಒಣಹುಲ್ಲಿಗೆ ಬೆಂಕಿ ಬಿದ್ದಂತೆ ಓಡಿತು. ಎಪ್ಪತ್ತೆರಡರಲ್ಲಿ ಮುಗಿಯುವ ಚೀಟಿಗಳು ಲಮ್‌ಯೈಯ ತಟ್ಟೆಯಿಂದ ಒಂದು ಕ್ಷಣದಲ್ಲಿ ಹಾರಿಹೋದವು. ಅವಳ ತಂಗಿ ಮಾರುಕಟ್ಟೆಯಿಂದ, ನಾದಿನಿ ಬಸ್ ನಿಲ್ದಾಣದಿಂದ ತಂದದ್ದೂ ಸಾಲಲಿಲ್ಲ. ಕುರ್ಚಿಯನ್ನು ಕೇಳುವವರಿಲ್ಲದೆ ಅದರ ಮೇಲೆ ನಾಯಿಯೊಂದು ಮಲಗಿತು.

ಸಮ್ರಾನನಿಗೆ ಎಚ್ಚರವಾದಾಗ ನಾಲ್ಕು ಗಂಟೆ. ಕಣ್ಣು ಬಿಟ್ಟರೆ ಆಕಾಶದ ಬದಲು ಮುಖಗಳು. ಸುತ್ತಲೂ ಜನ ಮೊಣಕಾಲೂರಿ ಕುಳಿತು ಕೈಮುಗಿದಿದ್ದರು. ಹೆಣದ ಪೆಟ್ಟಿಗೆ ತನ್ನದೇ ಇರಬಹುದೇ ಎಂದು ಅವನಿಗೆ ಒಂದು ಕ್ಷಣ ಅನ್ನಿಸಿತು.

"ಬಂತು ದೊಡ್ಡಪ್ಪ!" ಲಮ್‌ಯೈ ಅವನ ಪಾದ ಹಿಡಿದಳು. "ಎಪ್ಪತ್ತೆರಡು! ಈಗಷ್ಟೇ ರೇಡಿಯೋದಲ್ಲಿ ಹೇಳಿದ್ರು!"

ಆದದ್ದನ್ನೆಲ್ಲ ಪ್ರಯೂನ್ ಒಂದೇ ಉಸಿರಿಗೆ ವಿವರಿಸಿದ. ಕೇಳಿದ ಸಮ್ರಾನ್ ಟ್ಯೂಬಿನಿಂದ ಏಳಲು ಹೋಗಿ, ಸಿಕ್ಕಿಕೊಂಡು, ಅದನ್ನು ಸೊಂಟಕ್ಕೆ ತೊಟ್ಟುಕೊಂಡೇ ಹೆಂಡತಿಯ ಬಳಿ ಓಡಿದ.

"ನೀನೂ ತಗೊಂಡೆ ತಾನೇ? ನಮ್ಮದೂ ಬಂತು ತಾನೇ?"

ಬುವಾ ಒನಕೆ ಕೆಳಗಿಟ್ಟು ಆ ಸಾಲಿನಷ್ಟೇ ಉದ್ದದ ನಿಟ್ಟುಸಿರು ಬಿಟ್ಟಳು. "ತಗೊಂಡೆ. ಇಪ್ಪತ್ತೇಳು."

"ನಾನು ಹೇಳಿದ್ದು ಎಪ್ಪತ್ತೆರಡಲ್ವೇನೇ!"

"ಮೂವತ್ತು ವರ್ಷ ಆಯ್ತು ನಿಮ್ಮನ್ನ ಕಟ್ಕೊಂಡು. ನೀವು ಹೇಳಿದ್ದು ಒಂದು ದಿನ ನೇರವಾಗಿ ನಡೆದಿದ್ದುಂಟಾ? ಅದಕ್ಕೇ ತಿರುಗಿಸಿ ತಗೊಂಡೆ."

ಸಮ್ರಾನ್ ಮರಳಿನ ಮೇಲೆ ಕೂತ. ಟ್ಯೂಬು ಮೆತ್ತಗಿತ್ತು, ಅಷ್ಟೇ ಸಮಾಧಾನ. ಹೋಗಲಿ ಬಿಡು, ಎಂದುಕೊಂಡ. ಚೀಟಿ ಹೋಯಿತು, ಆದರೆ ಜನರಿಗೆ ಕುರ್ಚಿಯ ಹುಚ್ಚು ಬಿಟ್ಟಿತು. ನಾಳೆಯಿಂದ ನನ್ನ ನಿದ್ದೆ ನನಗೆ.

ಅಷ್ಟರಲ್ಲಿ ಚಿನ್ನದಂಗಡಿಯವನ ಹೆಂಡತಿ ಹೊಸ ಹಾಸಿಗೆಯೊಂದನ್ನು ಹೊರಿಸಿಕೊಂಡು ಬಂದಳು. ಜನ ನಾಯಿಯನ್ನು ಎಬ್ಬಿಸಿ, ಕುರ್ಚಿಯ ಮೇಲೆ ಅದನ್ನು ಹಾಸಿ, ಸಮ್ರಾನನ ಸೊಂಟದ ಟ್ಯೂಬು ಬಿಡಿಸಿ, ಅವನನ್ನು ಕೈಹಿಡಿದು ಕರೆತಂದು ಮಲಗಿಸಿದರು. ಕೊರಳಿಗೆ ಮಲ್ಲಿಗೆ ಸರ ಬಿತ್ತು. ಇಬ್ಬರು ಕಾಲೊತ್ತಿದರು. ಒಬ್ಬಳು ಬೀಸಣಿಗೆ ಹಿಡಿದಳು.

"ಕೆಲಸ ಮಾಡ್ಬೇಡಿ ದೊಡ್ಡಪ್ಪ. ಕೊಡೆ ನಾವ್ ನೆಡ್ತೀವಿ, ಕುರ್ಚಿ ನಾವ್ ಹಾಕ್ತೀವಿ. ನೀವು ದಿನಾ ಇಲ್ಲಿ ಮಲಗಿದ್ರೆ ಸಾಕು."

"ನಿಜವಾಗ್ಲೂ?"

"ಬುದ್ಧನಾಣೆ! ಈಗ್ಲೇ ಒಂದು ನಿದ್ದೆ ತೆಗೀರಿ ನೋಡೋಣ. ಮುಂದಿನ ಲಾಟರಿಗೆ ಬೇಕು."

ಸಮ್ರಾನನ ಕಣ್ಣು ತುಂಬಿತು. ಇಡೀ ಬದುಕಿನಲ್ಲಿ ಅವನಿಗೆ ಯಾರೂ ಮಲಗು ಎಂದಿರಲಿಲ್ಲ, ಎಲ್ಲರೂ ಏಳು ಎಂದವರೇ. ಅವನು ತೃಪ್ತಿಯಿಂದ ಕಣ್ಣು ಮುಚ್ಚಿದ. ಪ್ರಯೂನ್ ಕೈಯೆತ್ತಿದ. ಕಡಲತೀರ ಪೂರ್ತಿ ಸ್ತಬ್ಧವಾಯಿತು. ಬೊಂಡಾಸ್ ಸುಡುವವನು ಕೆಂಡಕ್ಕೆ ಗಾಳಿ ಹಾಕುವುದನ್ನೂ ನಿಲ್ಲಿಸಿದ. ಅಲೆ ಬಂತು, ಹೋಯಿತು. ಸಂಜೆಯ ಬೆಳಕು ಜೇನಿನ ಹಾಗೆ ರೆಪ್ಪೆಯ ಮೇಲೆ ಇಳಿಯಿತು.

ನಿದ್ದೆ ಬರಲಿಲ್ಲ.

ಎಡಕ್ಕೆ ಹೊರಳಿದ. ನೂರು ಜನ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಬಲಕ್ಕೆ ಹೊರಳಿದ. ಪೆನ್ಸಿಲ್ ಗೀಚಿದ ಸದ್ದು ಕೇಳಿಸಿತು. ತಡೆಯಲಾರದೆ ಮೆಲ್ಲಗೆ ಒಂದು ಕಣ್ಣು ತೆರೆದ.

"ಒಂದು!" ಎಂದು ಲಮ್‌ಯೈ ಪಿಸುಗುಟ್ಟಿದಳು. "ಮೊದಲ ಅಂಕಿ ಒಂದು, ಬರ್ಕೊಳ್ಳಿ."

ಸಮ್ರಾನ್ ಗಾಬರಿಯಿಂದ ಇನ್ನೊಂದು ಕಣ್ಣನ್ನೂ ತೆರೆದ.

"ಎರಡು! ಹನ್ನೆರಡು! ಹನ್ನೆರಡು!"

ಮುಂದಿನ ಲಾಟರಿಯ ಚೀಟಿಗಾಗಿ ಜನ ಕೇಕೆ ಹಾಕುತ್ತ ಲಮ್‌ಯೈಯ ತಟ್ಟೆಗೆ ಮುಗಿಬಿದ್ದರು. ಸಮ್ರಾನನ ಮೂಗಿನ ತುದಿಗೆ ನೊಣವೊಂದು ಬಂದು ಕೂತಿತು. ಓಡಿಸಲು ಕೈಯೆತ್ತಿದವನು, ಕೈಗೆ ಐದು ಬೆರಳಿರುವುದು ನೆನಪಾಗಿ, ಮೆಲ್ಲಗೆ ಕೆಳಗಿಳಿಸಿ ಹಾಸಿಗೆಯಡಿಯಲ್ಲಿ ಬಚ್ಚಿಟ್ಟುಕೊಂಡ.