ಹುಳಿ ಕುಡಿದು ಹಾರಿದ ನೌಕೆ

"ಪಂಕಜಾಕ್ಷಿ, ಒಂದು ಹೆಜ್ಜೆ ಹಿಂದೆ ನಿಂತ್ಕೋ! ಇದು ಆಟಿಕೆ ಅಲ್ಲ, ಆಕಾಶನೌಕೆ!" ಎನ್ನುತ್ತಾ ತ್ರಿಯಂಬಕಯ್ಯ ನೌಕೆಗೆ ಹೊದಿಸಿದ್ದ ಟವೆಲನ್ನು ಸರ್ರನೆ ಎಳೆದರು.

ಟೇಬಲ್ ಮೇಲಿದ್ದ ನೌಕೆಯನ್ನು ಕಂಡು ಪಂಕಜಾಕ್ಷಮ್ಮ ಕಣ್ಣರಳಿಸಿದರು. ತಿಂಗಳ ಹಿಂದೆ ಮನೆಗೆ ಬಂದದ್ದು ಮಕ್ಕಳು ಜೋಡಿಸಿ ಆಡುವ ಪ್ಲಾಸ್ಟಿಕ್ ಬ್ಲಾಕುಗಳ ಸೆಟ್ಟು, ಡಬ್ಬಿಯ ಮೇಲೊಂದು ವಿಡಿಯೋ ಗೇಮಿನ ನೌಕೆಯ ಚಿತ್ರ. ಚಿತ್ರದಲ್ಲಿದ್ದ ಹಾಗೇ ಜೋಡಿಸಿಟ್ಟು ಸುಮ್ಮನಿರಲು ತ್ರಿಯಂಬಕಯ್ಯನವರೇನು ಸಾಮಾನ್ಯರೇ? ಐಟಿಐಯಲ್ಲಿ ಮೂವತ್ತು ವರ್ಷ ಫಿಟ್ಟರ್ ಪಾಠ ಹೇಳಿ ನಿವೃತ್ತರಾದವರು! ಎರಡಿದ್ದ ರೆಕ್ಕೆ ನಾಲ್ಕಾಯಿತು. ಬಾಲಕ್ಕೆ ಹಳೇ ಮಿಕ್ಸಿಯ ಮೋಟಾರು ಬಂತು. ಹೊಟ್ಟೆಗೆ ತಾಮ್ರದ ತಗಡು, ಸತುವಿನ ತಗಡು. ಕೆಳಗೆ ನಾಲ್ಕು ಚಕ್ರ.

"ಗೇಮಿನಲ್ಲಿ ನೌಕೆ ಯಾವುದೋ ಗ್ರಹಕ್ಕೆ ಇಳಿದು ಅಲ್ಲೇ ಇಂಧನ ಹೀರ್ಕೊಳ್ಳುತ್ತೆ ಕಣೆ. ನಂದು ಹುಳಿ ಹೀರುತ್ತೆ! ತಾಮ್ರ, ಸತು, ಮಧ್ಯದಲ್ಲಿ ಹುಳಿ. ಕರೆಂಟು ರೆಡಿ! ಮುಂದ್ಗಡೆ ಒಂದು ಮೂಗೂ ಇಟ್ಟಿದೀನಿ. ಹುಳಿ ಎಲ್ಲಿದ್ರೂ ಹುಡುಕ್ಕೊಂಡು ಹೋಗುತ್ತೆ."

"ಅಯ್ಯೋ, ನಿಮ್ಮ ತಲೆಯೇ ತಲೆ ಕಣ್ರೀ!"

ಮನಸಾರೆ ಆಡಿದ ಮಾತು. ಆದರೆ ಒಳಗೊಳಗೇ ಆಕೆಗೆ ದಿಗಿಲು. ಊರಿನ ಬ್ಲಾಕ್ ಕಟ್ಟುವವರ ಸಂಘ ಮೂರು ವರ್ಷದಿಂದ ಗಂಡನ ಯಂತ್ರಗಳನ್ನು ತನ್ನ ಸ್ಪರ್ಧೆಗೆ ಬೇಡವೆಂದಿತ್ತು. ಈ ಸಲವೂ ಬೇಡವೆಂದರೆ ಇಡೀ ಸಾಮಾನು ಗುಜರಿಗೆ ಹಾಕಿ ಟಿವಿ ನೋಡುತ್ತಾ ಕೂರುತ್ತೇನೆಂದು ಗಂಡ ಆಣೆ ಇಟ್ಟಿದ್ದರು. ಕೈಯಲ್ಲಿ ಸ್ಕ್ರೂಡ್ರೈವರ್ ಇಲ್ಲದ ಗಂಡನನ್ನು ನೆನೆದರೇ ಆಕೆಗೆ ಅಳು ಬರುತ್ತಿತ್ತು. ದೇವರೇ, ಒಂದಡಿ ಹಾರಲಿ, ಸಾಕು!

ಹನ್ನೊಂದು ಗಂಟೆಗೆ ಸಂಘದ ಪರೀಕ್ಷಕರು ಬಂದರು. ನಂಜುಂಡಾರಾಧ್ಯರು ಅಂತ ಹೆಸರು. ಸೋಫಾದ ಮೇಲೆ ಮುಖ ಕಿವುಚಿಕೊಂಡು ಕೂತರು.

"ಕಾಫಿ ಗೀಫಿ ಬೇಡಮ್ಮಾ. ಬೇಗ ಹಾರಿಸಿ."

ತ್ರಿಯಂಬಕಯ್ಯ ತಗಡಿಗೆ ಎರಡು ಹನಿ ವಿನಿಗರ್ ಬಿಟ್ಟು ಗುಂಡಿ ಒತ್ತಿದರು. ನೌಕೆ ಗುರ್ರೆಂದಿತು, ಅಷ್ಟೇ. ಇನ್ನೆರಡು ಹನಿ ಬಿಟ್ಟರು. ಸ್ವಲ್ಪ ನಡುಗಿ ಸುಮ್ಮನಾಯಿತು.

"ಮುಂದಿನ ವರ್ಷ ನೋಡೋಣ," ಎಂದು ಆರಾಧ್ಯರು ಪೆನ್ನು ತೆಗೆದರು.

"ಒಂದ್ನಿಮಿಷ ಸಾರ್!" ಪಂಕಜಾಕ್ಷಮ್ಮ ಅಡುಗೆಮನೆಗೆ ಓಡಿ ತಟ್ಟೆ ಹಿಡಿದು ಬಂದರು. "ಹೊಸ ಗಾಡಿ. ಪೂಜೆನೇ ಮಾಡ್ದೆ ಹೊರಡು ಅಂದ್ರೆ ಹೊರಡುತ್ತಾ?"

"ಏ, ಇದೇನು ಸ್ಕೂಟರ್ ಅಂದ್ಕೊಂಡ್ಯಾ?"

"ಚಕ್ರ ಇಟ್ಟಿದೀರಲ್ಲ? ಹಂಗಾದ್ರೆ ಗಾಡಿನೇ! ಸುಮ್ನಿರಿ."

ಅರಿಶಿನ ಕುಂಕುಮ ಹಚ್ಚಿ, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣಿಟ್ಟು, ಮೇಲಿಂದ ಒತ್ತಿಯೇಬಿಟ್ಟರು. ಪಚಕ್! ರಸವೆಲ್ಲ ತಗಡಿಗೆ ಚಿಮ್ಮಿತು. ನೌಕೆ ಸುಂಯ್ಯೆಂದು ಎದ್ದು ಫ್ಯಾನಿಗೆ ಒಂದು ಸುತ್ತು ಬಂತು!

"ಹಾರ್ತು! ಹಾರ್ತು ಕಣ್ರೀ!" ಪಂಕಜಾಕ್ಷಮ್ಮ ತಟ್ಟೆ ಹಿಡಿದೇ ಕುಣಿದರು.

"ಸರಿ. ಇಳಿಸೋದು ಹೇಗೆ?" ಎಂದರು ಆರಾಧ್ಯರು.

ತ್ರಿಯಂಬಕಯ್ಯ ತಲೆ ಕೆರೆದುಕೊಂಡರು. "ಹಾರುತ್ತೆ ಅಂತ್ಲೇ ಗ್ಯಾರಂಟಿ ಇರ್ಲಿಲ್ಲ ಸಾರ್."

ನಿಂಬೆಯ ರುಚಿ ಹತ್ತಿದ ನೌಕೆ ನೇರ ಅಡುಗೆಮನೆಗೆ ನುಗ್ಗಿತು. ಉಪ್ಪಿನಕಾಯಿ ಜಾಡಿಯಲ್ಲಿ ಮುಳುಗೆದ್ದಿತು. ಪುಳಿಯೋಗರೆ ಗೊಜ್ಜನ್ನು ಸಪ್ಪೆ ಮಾಡಿತು. ಮೊಸರಿನ ಪಾತ್ರೆಯ ಮೇಲೆ ಕೂತು ಎದ್ದಿತು. ಪಂಕಜಾಕ್ಷಮ್ಮ ಇಣುಕಿ ನೋಡುತ್ತಾರೆ, ಮೊಸರು ವಾಪಸ್ಸು ಹಾಲಾಗಿದೆ!

"ರೀ! ಎಂಥಾ ಯಂತ್ರ ಕಣ್ರೀ ಇದು!"

"ಹೊಗಳೋದು ಆಮೇಲೆ, ಮೊದ್ಲು ಹಿಡಿಯೇ!"

ಹಿಡಿಯುವಷ್ಟರಲ್ಲಿ ಅದು ಕಿಟಕಿಯಿಂದ ಪಕ್ಕದ ಮನೆಗೆ ಹಾರಿತ್ತು. ಅಲ್ಲಿಂದ ಚೂಡಾಮಣಿಯ ಕೂಗು ಕೇಳಿಸಿತು. "ಪಂಕಜಾಕ್ಷಮ್ಮಾ! ಹುಳಿ ಬಂದಿದ್ದ ದೋಸೆ ಹಿಟ್ಟು ಈಗ್ತಾನೆ ರುಬ್ಬಿದಂಗೆ ಕೂತಿದೆ! ಹುಣಸೆಹಣ್ಣು ಖರ್ಜೂರ ಆಗೋಗಿದೆ!"

ತ್ರಿಯಂಬಕಯ್ಯ ಸೊಳ್ಳೆಪರದೆ ಹಿಡಿದು ಕಿಟಕಿಗೆ ಅಡ್ಡ ನಿಂತರು. ನೌಕೆ ವಾಪಸ್ಸು ಬಂತು, ಪರದೆಯಲ್ಲಿ ಸಿಕ್ಕಿಬಿದ್ದವರು ಮಾತ್ರ ತ್ರಿಯಂಬಕಯ್ಯ! ನೌಕೆ ಹಜಾರದ ನಡುವೆ ನಿಂತು ಅತ್ತಿತ್ತ ಮೂಸಿ, ಗಕ್ಕನೆ ತಿರುಗಿ, ಆರಾಧ್ಯರ ಹೊಟ್ಟೆಯ ಮೇಲೆ ಬಿದ್ದು ಕಚ್ಚಿಕೊಂಡಿತು.

"ಅಯ್ಯಯ್ಯೋ! ತೆಗೀರಿ! ತೆಗೀರಿ ಇದನ್ನ!"

ಗಂಡಹೆಂಡತಿ ಇಬ್ಬರೂ ಸೇರಿ ಎಳೆದರೂ ಬರಲಿಲ್ಲ. ಮೋಟಾರು ಎರಡು ನಿಮಿಷ ಗುರುಗುಟ್ಟಿತು. ಆಮೇಲೆ ಆರಾಧ್ಯರ ಬಾಯಿಂದ ಬೀದಿಗೆಲ್ಲ ಕೇಳುವಂಥ ಒಂದು ತೇಗು ಬಂತು. ಕಿವುಚಿದ್ದ ಮುಖ ನಿಧಾನಕ್ಕೆ ಬಿಚ್ಚಿಕೊಂಡಿತು.

"ಹದಿನೆಂಟು ವರ್ಷದ ಗ್ಯಾಸ್ಟ್ರಿಕ್ ಕಣಮ್ಮಾ! ಎದೆಯುರಿ, ಹುಳಿತೇಗು, ಎಲ್ಲಾ ಹೋಯ್ತು! ಆ ಕಾಫಿ ಸಿಗುತ್ತಾ?"

ಒಂದಲ್ಲ, ಎರಡು ಲೋಟ ಕುಡಿದು ಆರಾಧ್ಯರು ಪೆನ್ನು ಹಿಡಿದರು. ಪಂಕಜಾಕ್ಷಮ್ಮ ಪೆನ್ನಿನ ತುದಿಯನ್ನೇ ನೋಡುತ್ತಾ ನಿಂತರು.

"ಪರೀಕ್ಷಕರ ಮೈ ಮುಟ್ಟಿದ ಆಟಿಕೆ ಸ್ಪರ್ಧೆಗಿಲ್ಲ. ಸಂಘದ ನಿಯಮ. ನಾನೇನೂ ಮಾಡೋ ಹಾಗಿಲ್ಲ."

ತ್ರಿಯಂಬಕಯ್ಯ ಒಳಗೆ ಹೋಗಿ ಗೋಣಿಚೀಲ ತಂದರು. ಮೊದಲು ಇಕ್ಕಳ ಹಾಕಿದರು, ಆಮೇಲೆ ಸುತ್ತಿಗೆ. ಪಂಕಜಾಕ್ಷಮ್ಮನಿಗೆ ದುಃಖ ಉಕ್ಕಿ ಬಂತು.

"ಏನ್ರೀ ಮಾಡ್ತಿದೀರಿ?" ಆರಾಧ್ಯರು ಚೀಲ ಕಿತ್ತುಕೊಂಡರು. "ಸ್ಪರ್ಧೆ ಹಾಳಾಗ್ಲಿ! ಇದು ಕೆಟ್ಟುಹೋದ್ರೆ ರಿಪೇರಿ ಮಾಡೋರು ಯಾರು? ನಾಳೆ ನಮ್ಮನೆಯವಳನ್ನ ಕರ್ಕೊಂಡು ಬರ್ತೀನಿ. ಸಂಘದವರಿಗೆಲ್ಲ ಹೊಟ್ಟೆಯುರಿ ಇದೆ, ಅವರನ್ನೂ ಕರ್ಕೊಂಡ್ಬರ್ತೀನಿ!"

ಮಾರನೆಯ ದಿನ ಹತ್ತು ಗಂಟೆಗೆ ಸಾಲು ಗೇಟು ದಾಟಿತ್ತು. ಆಕಾಶಕ್ಕೆಂದು ಕಟ್ಟಿದ ನೌಕೆ ಸೋಫಾದಿಂದಾಚೆ ಹೋಗಲಿಲ್ಲ. ಒಬ್ಬೊಬ್ಬರ ಹೊಟ್ಟೆ ಮುಗಿದಾಗಲೂ ತ್ರಿಯಂಬಕಯ್ಯ ಸ್ಕ್ರೂಡ್ರೈವರ್ ಹಿಡಿದು ತಗಡು ಬಿಚ್ಚಿ ಒರೆಸುತ್ತಿದ್ದರು, ಮುಖದ ತುಂಬ ನಗು. ಹೆಂಡತಿ ಅದನ್ನು ಕಣ್ತುಂಬ ನೋಡಿ, ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದರು.

"ಬೋಂಡಾ ತಿಂದು ಬಂದೋರು ಕೊನೆಗೆ ನಿಂತ್ಕೊಳ್ಳಿ. ಪಾಪ, ಅದಕ್ಕೂ ಒಂದು ಹೊಟ್ಟೆ ಇದೆ."